ಮೊದಲು ಟಕ್, ಆಮೇಲೆ ಜರ್ಕ್

ನಮ್ಮ ಹಳೇ ಬೈಕು ಫಸ್ಟ್ ಗೇರಿನಲ್ಲಿ ಎಷ್ಟು ಜರ್ಕ್ ಹೊಡೆಯುತ್ತಿತ್ತು ಅಂತ ಗೊತ್ತಾಗಬೇಕಾದರೆ ನನ್ನ ಹೆಲ್ಮೆಟ್ಟಿನ ಹಿಂಭಾಗ ನೋಡಬೇಕು. ಹೆಂಡತಿಯ ಹೆಲ್ಮೆಟ್ ಬಡಿದೂ ಬಡಿದೂ ಅಲ್ಲಿ ಬಣ್ಣವೇ ಎದ್ದುಹೋಗಿದೆ. ಟ್ರಾಫಿಕ್ಕಿನಲ್ಲಿ ತೆವಳುವಾಗ ಆಕ್ಸಿಲರೇಟರ್ ಬಿಟ್ಟರೆ ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ಗಾಡಿ ತಡೆಯುತ್ತಿತ್ತು. ಚೂರು ತಿರುಗಿಸಿದರೆ ಹಗ್ಗ ಬಿಚ್ಚಿದ ಕರುವಿನ ಹಾಗೆ ಮುಂದಕ್ಕೆ ನುಗ್ಗುತ್ತಿತ್ತು. "ನಿಧಾನಕ್ಕೆ ಓಡಿಸಿ ಅಂದ್ರೆ ಹೀಗೇನ್ರೀ?" ಅಂತ ಹಿಂದಿನಿಂದ ಪ್ರಶ್ನೆ ಬೇರೆ.

ಒಂದೇ ಸಿಲಿಂಡರ್, ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರ್, ನಾಲ್ಕು ಗೇರು. ಇದಕ್ಕೂ ಮುಂಚೆ ವರ್ಷಗಟ್ಟಲೆ ನಾನು ಓಡಿಸಿದ್ದು ಟೂ ಸ್ಟ್ರೋಕ್. ಅದರಲ್ಲಿ ಆಕ್ಸಿಲರೇಟರ್ ಬಿಟ್ಟರೆ ಪೆಡಲ್ ನಿಲ್ಲಿಸಿದ ಸೈಕಲ್ಲಿನಂತೆ ಸುಮ್ಮನೆ ಜಾರಿಕೊಂಡು ಹೋಗುತ್ತಿತ್ತು. (ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುವ ಗಾಡಿಯದು. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಪೆಟ್ರೋಲಿನ ಜೊತೆ ಪಿಸ್ಟನ್ನಿಗೆ ಹೋಗುವ ಆಯಿಲೂ ಕಡಿಮೆಯಾಗುತ್ತೆ ಅಂತ ನಡುನಡುವೆ ಒಂದೊಂದು ಸಲ ರೇಸ್ ಕೊಡುತ್ತಿದ್ದೆ.) ಹಾಗಾಗಿ ಈ ಫೋರ್ ಸ್ಟ್ರೋಕಿನ ಇಂಜಿನ್ ಬ್ರೇಕಿಂಗೇ, ಅಂದರೆ ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ನೇ ಗಾಡಿಯನ್ನು ತಡೆಯುವುದೇ, ನನಗೆ ಮೊದಲು ರೋಗದಂತೆ ಕಂಡಿತು.

ಅದು ರೋಗವಲ್ಲ. ಆಕ್ಸಿಲರೇಟರ್ ಬಿಟ್ಟಾಗ ಕಾರ್ಬುರೇಟರಿನ ಸ್ಲೈಡ್ ಇಳಿದು ಗಾಳಿಯ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿಬಿಡುತ್ತದೆ. ಚಕ್ರ ಮಾತ್ರ ಇಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಗಾಳಿ ಎಳೆದುಕೊಳ್ಳಲು ಕೆಳಗಿಳಿಯುವ ಪಿಸ್ಟನ್ನಿಗೆ ಗಾಳಿ ಸಿಗುವುದಿಲ್ಲ. ತುದಿಗೆ ಬೆರಳು ಅಡ್ಡ ಹಿಡಿದು ಸಿರಿಂಜಿನ ದಂಡ ಎಳೆದು ನೋಡಿ, ಗೊತ್ತಾಗುತ್ತದೆ. ಆ ಎಳೆತದ ಖರ್ಚೆಲ್ಲ ಚಕ್ರದ ಲೆಕ್ಕಕ್ಕೆ. ಪಿಸ್ಟನ್ ಮೇಲೇರಿ ಗಾಳಿಯನ್ನು ಅದುಮುವ ಕಂಪ್ರೆಷನ್ನೇ ಗಾಡಿಯನ್ನು ತಡೆಯೋದು ಅಂತ ನಾನೂ ಬಹಳ ದಿನ ನಂಬಿದ್ದೆ. ಆದರೆ ಅದುಮಿದ ಗಾಳಿ ಸ್ಪ್ರಿಂಗಿನಂತೆ ಪಿಸ್ಟನ್ನನ್ನು ವಾಪಸ್ ತಳ್ಳುತ್ತದೆ, ತೆಗೆದುಕೊಂಡದ್ದರಲ್ಲಿ ಬಹುಪಾಲನ್ನು ಹಿಂದಿರುಗಿಸುತ್ತದೆ. ಇನ್ನು ಗೇರಿನ ಮಾತು: ನನ್ನ ಗಾಡಿಯಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಇಂಜಿನ್ ಟಾಪ್ ಗೇರಿನಲ್ಲಿ ಐದೂ ಚಿಲ್ಲರೆ ಸುತ್ತು ತಿರುಗಿದರೆ, ಫಸ್ಟಿನಲ್ಲಿ 16. ಅಂದರೆ ಅದೇ ಇಂಜಿನ್ನಿನ ತಡೆ ಫಸ್ಟಿನಲ್ಲಿ ಮೂರು ಪಟ್ಟಾಗಿ ಚಕ್ರಕ್ಕೆ ತಲುಪುತ್ತದೆ. ಸಾಲದ್ದಕ್ಕೆ ಒಂಟಿ ಸಿಲಿಂಡರ್. ಎರಡು ಸುತ್ತಿಗೆ ಒಂದು ಹೊಡೆತ, ಅಂದರೆ 1200 ಆರ್‌ಪಿಎಂನಲ್ಲಿ (ನಿಮಿಷಕ್ಕೆ 1200 ಸುತ್ತು) ಸೆಕೆಂಡಿಗೆ ಹತ್ತೇ ಹೊಡೆತ, ನಡುವೆ ಇಂಜಿನ್ನಿನ ಭಾರದ ಚಕ್ರ ಫ್ಲೈವೀಲ್ ದೂಡಿದಷ್ಟೇ.

ಆದರೆ ತಡೆ ಬೇರೆ, ಜರ್ಕ್ ಬೇರೆ. ಎರಡೂ ಒಂದೇ ಅಂದುಕೊಂಡು ನಾನು ಆರು ತಿಂಗಳು ಕಾರ್ಬುರೇಟರಿನ ಬೆನ್ನು ಹತ್ತಿದೆ. ಅದರಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಪೈಲಟ್ ಜೆಟ್ ತೊಳೆದೆ. ಆಕ್ಸಿಲರೇಟರ್ ಕೇಬಲ್ಲಿನ ಸಡಿಲ ತೆಗೆದೆ. ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ರಬ್ಬರಿನಲ್ಲಿ ಬಿರುಕಿತ್ತು, ಬದಲಾಯಿಸಿದೆ. ಇಳಿಜಾರಿನಲ್ಲಿ ಸೈಲೆನ್ಸರ್ ಪಟ್ ಪಟ್ ಅನ್ನುತ್ತಿದ್ದುದು ಅಲ್ಲಿಗೆ ನಿಂತಿತು. ಜರ್ಕ್ ನಿಲ್ಲಲಿಲ್ಲ.

ಸುಳಿವು ಕೊಟ್ಟಿದ್ದು ಹೆಂಡತಿ. "ಮೊದ್ಲು ನನ್ನ ಕೆಳಗೆ ಟಕ್ ಅನ್ನುತ್ತೆ, ಆಮೇಲೆ ಎಳೆಯುತ್ತೆ." ನಾನು ಕೂರುವುದು ಇಂಜಿನ್ನಿನ ಮೇಲೆ, ಅವಳು ಹಿಂದಿನ ಚಕ್ರದ ಮೇಲೆ. ಆ ಸದ್ದು ನನಗೆ ಕೇಳುವಂತೆಯೇ ಇರಲಿಲ್ಲ.

ಅವತ್ತು ಸಂಜೆ ಇಂಜಿನ್ ಆಫ್ ಮಾಡಿ, ಡಬಲ್ ಸ್ಟ್ಯಾಂಡ್ ಹಾಕಿ, ಫಸ್ಟ್ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿದೆ. ಇಂಜಿನ್ ಹಿಡಿದುಕೊಳ್ಳುವ ಮುಂಚೆ ಟಯರು ನಾಲ್ಕು ಬೆರಳಗಲ ಆರಾಮವಾಗಿ ಓಡಾಡಿತು. ಚೈನ್ ನೇತಾಡುತ್ತಿತ್ತು, ನಿಜ. ಆದರೆ ಅದನ್ನು ಬಿಗಿ ಮಾಡಿದ ಮೇಲೂ ಎರಡು ಬೆರಳಗಲ ಉಳಿಯಿತು. ಚೈನ್ ಕೂರುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್ಟಿನ ಮೇಲೆ ಒಂದು ಕೈ ಇಟ್ಟು ಮತ್ತೆ ಆಡಿಸಿದರೆ ಸ್ಪ್ರಾಕೆಟ್ ಕದಲುವುದೇ ಇಲ್ಲ, ಅದರ ಹಿಂದೆ ಸ್ಪೋಕುಗಳು ಹೋಗಿ ಬರುತ್ತಿವೆ. ಚಕ್ರ ಬಿಚ್ಚಿದೆ. ಸ್ಪ್ರಾಕೆಟ್ಟಿಗೂ ಚಕ್ರಕ್ಕೂ ನಡುವೆ ಹೊಡೆತ ತಾಳಿಕೊಳ್ಳಲು ಇರುವ, ಡ್ರಮ್ಮಿನೊಳಗಿನ ರಬ್ಬರುಗಳು ಒಂದು ಮಗ್ಗುಲಲ್ಲಿ ಸವೆದು, ಕಲ್ಲಿನಂತೆ ಗಟ್ಟಿಯಾಗಿ, ಮುಟ್ಟಿದರೆ ಕೈಗೆ ಕರಿ ಪುಡಿ ಹತ್ತುತ್ತಿತ್ತು.

ಆಗ ಅರ್ಥವಾಯಿತು. ಇಂಜಿನ್ ಚಕ್ರವನ್ನು ಎಳೆಯುವಾಗ ಈ ಸಡಿಲವೆಲ್ಲ ಒಂದು ಕಡೆ ಸೇರಿರುತ್ತದೆ. ಆಕ್ಸಿಲರೇಟರ್ ಬಿಟ್ಟ ಕ್ಷಣ ಚಕ್ರ ಇಂಜಿನ್ನನ್ನು ಎಳೆಯಬೇಕು. ಅದಕ್ಕೆ ಮುಂಚೆ ಸಡಿಲವೆಲ್ಲ ಇನ್ನೊಂದು ಕಡೆಗೆ ಸರಿಯಬೇಕು. ಆ ಅರೆಗಳಿಗೆ ಯಾರೂ ಯಾರನ್ನೂ ಹಿಡಿದಿರುವುದಿಲ್ಲ. ಮತ್ತೆ ಸಿಕ್ಕಿಕೊಂಡಾಗ ಟಕ್.

ಹೊಸ ರಬ್ಬರ್ ಹಾಕಿದೆ. ಚೈನನ್ನು ಹೆಚ್ಚು ಬಿಗಿ ಇರುವ ಕಡೆ ಹಿಡಿದು ನೋಡಿ, 25 ಮಿ.ಮೀ. ಆಡುವಂತೆ ಬಿಟ್ಟೆ. ಹಳೇ ಚೈನು ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ, ಸಡಿಲ ಇರುವ ಕಡೆ ನೋಡಿ ಬಿಗಿ ಮಾಡಿದರೆ ಇನ್ನೊಂದು ಕಡೆ ತಂತಿಯಂತೆ ಬಿಗಿಯಾಗುತ್ತದೆ. ಚಕ್ರ ಈಗಲೂ ಒಂಚೂರು ಆಡುತ್ತದೆ. ಗೇರುಗಳ ನಡುವೆ ಅಷ್ಟಾದರೂ ಸಡಿಲ ಬೇಕು, ಇಲ್ಲದಿದ್ದರೆ ಗೇರೇ ಬೀಳುವುದಿಲ್ಲ.

ತಡೆ ಹಾಗೇ ಇದೆ, ಇಳಿಜಾರಿನಲ್ಲಿ ಅದು ಬೇಕು ಕೂಡ. ಟ್ರಾಫಿಕ್ಕಿನಲ್ಲಿ ಈಗ ಆದಷ್ಟೂ ಸೆಕೆಂಡಿನಲ್ಲೇ ಇರುತ್ತೇನೆ. ಫಸ್ಟಿಗೆ ಬರಲೇಬೇಕಾದರೆ ಆಕ್ಸಿಲರೇಟರನ್ನು ಪೂರ್ತಿ ಬಿಡದೆ, ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿದು ವೇಗ ಇಳಿಸುತ್ತೇನೆ. ಆಗ ಚೈನಿನ ಮೇಲಿನ ಎಳೆತ ತಪ್ಪುವುದಿಲ್ಲ.

ಮೊನ್ನೆ ಒಂದು ಹಂಪಿನ ಹತ್ತಿರ ಏನೋ ಯೋಚನೆಯಲ್ಲಿ ಫಸ್ಟ್ ಹಾಕಿ ಕ್ಲಚ್ಚನ್ನು ಒಮ್ಮೆಗೇ ಬಿಟ್ಟೆ. ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿಯಿತು.

"ಇದು ರಬ್ಬರಲ್ಲ, ನೀವು" ಅಂದಳು.