ಇಷ್ಟೇ ಇಷ್ಟು ಹೆದರಿಕೆ

ಜೇನುಹುಳದ ವೇಷ ಹಾಕಿದ್ದ ಆ ಹುಡುಗಿಗೆ ಐದು ವರ್ಷ ಇರಬಹುದು. ನನ್ನ ಮುಂದಿನ ಮೇಜಿನ ಮೇಲೆ ಮೂರು ಶೂ ಡಬ್ಬಗಳಿದ್ದವು. ಒಂದೊಂದಕ್ಕೂ ಕೈ ತೂರುವಷ್ಟು ತೂತು. ಅವಳು ಮೊದಲನೇ ಡಬ್ಬದ ಮುಂದೆ ನಿಂತು ತೂತನ್ನು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಹೆಬ್ಬೆರಳು, ತೋರುಬೆರಳ ನಡುವೆ ಸಾಸಿವೆ ಕಾಳು ಹಿಡಿದ ಹಾಗೆ ಹಿಡಿದು, "ನನಗೆ ಇಷ್ಟೇ ಇಷ್ಟು ಹೆದರಿಕೆ ಬೇಕು. ಜಾಸ್ತಿ ಬೇಡ" ಎಂದಳು.

ಇದು ಕಳೆದ ಶುಕ್ರವಾರ, ಅಕ್ಟೋಬರ್ 31ರ ಮಾತು. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುವ, ದೆವ್ವ ಭೂತಗಳ ಹಬ್ಬ ಹ್ಯಾಲೊವೀನ್ ಅವತ್ತು; ನಾನಿದ್ದದ್ದು ಮಗನ ಕ್ಲಾಸಿನ ಪಾರ್ಟಿಯಲ್ಲಿ. ಇವತ್ತಿಗೆ ನಾಲ್ಕು ದಿನವಾಯಿತು. ಪಾತ್ರೆ ತೊಳೆಯುವಾಗಲೂ, ಆಫೀಸಿಗೆ ಕಾರು ಓಡಿಸುವಾಗಲೂ ಆ ಎರಡು ಬೆರಳು ಕಣ್ಣ ಮುಂದೆ ಬರುತ್ತಿವೆ.

ನಾವಿರುವುದು ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ. ನದಿ ದಾಟಿ ಸ್ವಲ್ಪ ದೂರ ಹೋದರೆ ಮಾರ್ಟನ್ ಅಂತ ಒಂದು ಊರು. ಜಗತ್ತಿನ ಕುಂಬಳದ ರಾಜಧಾನಿ ಎಂದು ಆ ಊರು ತನ್ನನ್ನು ಕರೆದುಕೊಳ್ಳುತ್ತದೆ. ಅಮೆರಿಕದ ಅಂಗಡಿಗಳಲ್ಲಿ ಡಬ್ಬಿಯಲ್ಲಿ ಸಿಗುವ ಕುಂಬಳದ ತಿರುಳಿನಲ್ಲಿ ಬಹುಪಾಲು ತಯಾರಾಗುವುದು ಅಲ್ಲಿಯೇ. ಡಬ್ಬಿಗೆ ಹೋಗುವ ಕಾಯಿ ಮಾತ್ರ ಚಿತ್ರದಲ್ಲಿ ಕಾಣುವ ಕಿತ್ತಳೆ ಬಣ್ಣದ್ದಲ್ಲ. ಮಾಸಲು ಕಂದು ಸಿಪ್ಪೆಯದು, ನೋಡಿದರೆ ನಮ್ಮ ಸಿಹಿಗುಂಬಳವೇ ನೆನಪಾಗುತ್ತದೆ. ಕಿತ್ತಳೆ ಕಾಯಿಗಳು ಕಣ್ಣು, ಮೂಗು, ಹಲ್ಲು ಕೊರೆದು ಒಳಗೆ ದೀಪ ಇಡಲಿಕ್ಕೆ. ಐರ್ಲೆಂಡಿನ ಜನ ತಮ್ಮ ಊರಲ್ಲಿ ಟರ್ನಿಪ್ ಗೆಡ್ಡೆಯಲ್ಲಿ ಹೀಗೆ ಮುಖ ಕೊರೆಯುತ್ತಿದ್ದರಂತೆ. ಇಲ್ಲಿಗೆ ಬಂದ ಮೇಲೆ ಅವರಿಗೆ ಕುಂಬಳ ಸಿಕ್ಕಿತು. ಹೊಲಗಳ ನಡುವೆ ಹಾದು ಬರುವಾಗಲೆಲ್ಲ ನನಗೆ ನಮ್ಮ ಕಡೆ ಹೊಸ ಮನೆಗಳ ಮುಂದೆ ನೇತುಹಾಕುವ ಬೂದುಗುಂಬಳ ನೆನಪಾಗುತ್ತದೆ. ಅದಕ್ಕೂ ಕೋರೆಹಲ್ಲು, ಮೀಸೆ, ಕೆಂಪು ನಾಲಿಗೆ ಬರೆದಿರುತ್ತಾರಲ್ವಾ.

ಈ ವರ್ಷ ನಾನು ಮಗನ ಕಿಂಡರ್‌ಗಾರ್ಟನ್ ಕ್ಲಾಸಿಗೆ ರೂಮ್ ಪೇರೆಂಟ್. ಅಂದರೆ ಕ್ಲಾಸಿನ ಪಾರ್ಟಿಗಳನ್ನು ಟೀಚರ್ ಜೊತೆ ಸೇರಿ ಏರ್ಪಾಡು ಮಾಡುವ ಅಪ್ಪ ಅಮ್ಮಂದಿರಲ್ಲಿ ಒಬ್ಬಳು. ಸೆಪ್ಟೆಂಬರ್ ಕೊನೆಯಲ್ಲೇ ಟೀಚರ್ ಪತ್ರ ಕಳಿಸಿದ್ದರು. ಮುಖವಾಡ ಬೇಡ. ಆಟದ ಕತ್ತಿ, ಬಂದೂಕು ಬೇಡ. ರಕ್ತದ ಬಣ್ಣ ಬೇಡ. ಶೇಂಗಾ, ಗೋಡಂಬಿ, ಬಾದಾಮಿ ಯಾವುದೂ ಬೇಡ. ತಿಂಡಿ ಅಂಗಡಿಯದೇ ಆಗಿರಬೇಕು, ಏನೇನು ಹಾಕಿದ್ದಾರೆ ಎನ್ನುವ ಚೀಟಿ ಅದರ ಮೇಲೆ ಇರಬೇಕು. ಪಾರ್ಟಿಗೆ ಹ್ಯಾಲೊವೀನ್ ಅನ್ನುವ ಹೆಸರೂ ಬೇಡ, ಫಾಲ್ ಪಾರ್ಟಿ, ಅಂದರೆ ಎಲೆ ಉದುರುವ ಕಾಲದ ಪಾರ್ಟಿ ಅಂದರೆ ಸಾಕು. ಕ್ಲಾಸಿನಲ್ಲಿ ಎರಡು ಮನೆಯವರು ತಮ್ಮ ಧರ್ಮದ ಕಾರಣಕ್ಕೆ ಹ್ಯಾಲೊವೀನ್ ಮಾಡುವುದಿಲ್ಲ. ಆ ಇಬ್ಬರು ಮಕ್ಕಳು ಒಂದು ಮೂಲೆಯಲ್ಲಿ ಕೂರಬಾರದು ಎಂದು ಪತ್ರದಲ್ಲಿತ್ತು. ಹಾಗಾಗಿ ಕುಂಬಳಕಾಯಿ, ಉದುರೆಲೆ, ಬೆದರುಬೊಂಬೆ ಇರಲಿ, ದೆವ್ವ ಸ್ವಲ್ಪ ಕಡಿಮೆ ಇರಲಿ. ಆದರೂ ಮಕ್ಕಳು ಕೇಳುತ್ತಿರುವುದು ಸ್ಪೂಕಿ ಪಾರ್ಟಿಯನ್ನೇ, ಅದನ್ನೂ ನೋಡಿಕೊಳ್ಳಿ ಎಂದು ಕೊನೆಯ ಸಾಲು.

ಸ್ಪೂಕಿ ಅನ್ನುವುದಕ್ಕೆ ನಮ್ಮಲ್ಲಿ ಸರಿಯಾದ ಮಾತು ಏನು ಅಂತ ಬಹಳ ಯೋಚನೆ ಮಾಡಿದೆ. ಭಯಾನಕ ಅಂದರೆ ಜಾಸ್ತಿಯಾಯಿತು. ಮೈ ಜುಂ ಅನ್ನಬೇಕು, ಆದರೆ ಅದರ ಬೆನ್ನಿಗೇ ನಗು ಬರಬೇಕು. ಹೆದರಿಕೆಯ ಕಚಗುಳಿ ಅನ್ನಬಹುದೇನೋ.

22 ಮಕ್ಕಳು, 45 ನಿಮಿಷ, ನಾಲ್ಕು ಮೇಜು. ಒಂದು ಕಡೆ ಟಾಯ್ಲೆಟ್ ಪೇಪರಿನ ಸುರುಳಿ ಸುತ್ತಿ ಗೆಳೆಯನನ್ನು ಮಮ್ಮಿ, ಅಂದರೆ ಈಜಿಪ್ಟಿನಲ್ಲಿ ಬಟ್ಟೆ ಸುತ್ತಿ ಇಡುತ್ತಿದ್ದ ಹೆಣ, ಮಾಡುವುದು. ಇನ್ನೊಂದು ಕಡೆ ಪುಟ್ಟ ಕುಂಬಳಕಾಯಿ ಉರುಳಿಸಿ ಖಾಲಿ ಡಬ್ಬಿಗಳನ್ನು ಬೀಳಿಸುವುದು. ಮೂರನೆಯದರಲ್ಲಿ ಎಲೆಗಳಿಗೆ ಬಣ್ಣ. ನಾಲ್ಕನೆಯದು ನನ್ನದು, ಕತ್ತಲೆ ಡಬ್ಬಗಳು. ಕಾಣದ ಡಬ್ಬದೊಳಗೆ ಕೈ ಹಾಕಿ ಏನಿದೆ ಅಂತ ಹೇಳಬೇಕು. ಸಿಪ್ಪೆ ಸುಲಿದ ದ್ರಾಕ್ಷಿ ಅಂದರೆ ಕಣ್ಣುಗುಡ್ಡೆ. ಒಣಗಿದ ಏಪ್ರಿಕಾಟ್ ಅಂದರೆ ಕಿವಿ. ಬೇಯಿಸಿ ತಣ್ಣಗಾದ ನೂಡಲ್ಸ್ ಅಂದರೆ ಕರುಳು. ನಾನು ನೂಡಲ್ಸ್ ಬದಲು ಇಂಡಿಯನ್ ಅಂಗಡಿಯಿಂದ ತಂದ ಶಾವಿಗೆ ಬೇಯಿಸಿ ಎಣ್ಣೆ ಸವರಿದ್ದೆ. ಇನ್ನೂ ಸಣ್ಣ ಎಳೆ, ಇನ್ನೂ ನುಣುಪು.

ಹಿಂದಿನ ದಿನ ಡಬ್ಬಗಳನ್ನು ತೋರಿಸಿದಾಗ ಟೀಚರ್ ಎರಡು ಬದಲಾವಣೆ ಹೇಳಿದರು. ಡಬ್ಬದ ಮೇಲೆ ಕಣ್ಣು, ಕರುಳು ಅಂತ ಬರೆಯಬೇಡಿ, ಏನಿರಬಹುದು ಅಂತ ಬರೆಯಿರಿ. ಮತ್ತೆ ಪ್ರತಿ ಡಬ್ಬದ ಹಿಂದೆ ಒಂದು ಕಿಟಕಿ ಕತ್ತರಿಸಿ. ಯಾರಿಗೆ ಮೊದಲು ನೋಡಬೇಕು ಅನ್ನಿಸುತ್ತದೋ ಅವರು ಹಿಂದೆ ಬಂದು ನೋಡಲಿ, ಆಮೇಲೆ ಕೈ ಹಾಕಲಿ. ಕೈ ಹಾಕದಿದ್ದರೂ ಸ್ಟಿಕ್ಕರ್ ಕೊಡಿ.

ನನಗೆ ಅದು ಸರಿ ಅನ್ನಿಸಲಿಲ್ಲ. ಮೊದಲೇ ನೋಡಿಬಿಟ್ಟರೆ ಮಜಾ ಎಲ್ಲಿ ಉಳಿಯಿತು? ಬಾಯಿ ಬಿಟ್ಟು ಹೇಳಿಯೂ ಹೇಳಿದೆ. ಟೀಚರ್ ನಕ್ಕರು. "ಒಳಗಿರುವುದು ಶಾವಿಗೆ ಅಂತ ಗೊತ್ತಿದ್ದರೂ ಕೈ ಹಾಕುವಾಗ ಅವರಿಗೆ ಹೆದರಿಕೆಯಾಗುತ್ತೆ. ಆ ಹೆದರಿಕೆ ಎಷ್ಟಿರಬೇಕು ಅನ್ನುವುದು ಮಾತ್ರ ಅವರ ಕೈಯಲ್ಲೇ ಇರಲಿ" ಎಂದರು.

ನಮ್ಮೂರು ತಿಪಟೂರಿನ ಹತ್ತಿರ. ಮನೆ ತುಂಬಾ ಕಾಯಿ. ಉಂಡೆ ಕೊಬ್ಬರಿ ಆಗಬೇಕಾದರೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ರಾತ್ರಿ ಅಟ್ಟದಲ್ಲಿ ಇಲಿ ಓಡಾಡಿದರೆ ಕಾಯಿ ಉರುಳುತ್ತಿತ್ತು. ಕೆಳಗೆ ತಟ್ಟೆ ಮುಂದೆ ಕೂತ ನಮಗೆ ಅಮ್ಮ, "ಕೇಳಿಸ್ತಾ? ಗುಮ್ಮ ನಡೀತಾ ಇದ್ದಾನೆ. ಬೇಗ ತಿನ್ನಿ" ಅನ್ನುತ್ತಿದ್ದರು. ನಾವು ತಿನ್ನುತ್ತಿದ್ದೆವು. ಹಿತ್ತಿಲಿಗೆ ಹೋಗಬಾರದು, ಹುಣಸೆಮರದಲ್ಲಿ ದೆವ್ವ. ಬಾವಿ ಹತ್ತಿರ ಸುಳಿಯಬಾರದು, ಒಳಗೆ ಯಾರೋ ಕಾಲು ಹಿಡಿದೆಳೆಯುತ್ತಾರೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಬೆಂಗಳೂರಿನಲ್ಲಿ ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ ಅಂತ ಬಾಗಿಲಿಗೆಲ್ಲ "ನಾಳೆ ಬಾ" ಅಂತ ಬರೆಯುತ್ತಿದ್ದ ಕಾಲ. ಹಬ್ಬಕ್ಕೆ ಬಂದ ಚಿಕ್ಕಪ್ಪ ನಮ್ಮ ಬಾಗಿಲಿಗೂ ಸೀಮೆಸುಣ್ಣದಲ್ಲಿ ಬರೆದು ಹೋದರು. ಆ ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತದೆ, ಓಗೊಟ್ಟರೆ ಮುಗಿಯಿತು ಅಂತ ಹೇಳಿದ್ದರು. ಅದಾದ ಮೇಲೆ ಎಷ್ಟೋ ದಿನ ರಾತ್ರಿ ಹಿತ್ತಿಲಿಂದ ಅಮ್ಮ ಕೂಗಿದರೂ ನಾನು ತುಟಿ ಬಿಚ್ಚುತ್ತಿರಲಿಲ್ಲ. ಓಗೊಡಲಿಲ್ಲ ಅಂತ ಬೈಸಿಕೊಳ್ಳುತ್ತಿದ್ದೆ.

ಇವೆಲ್ಲ ಈಗ ಹೇಳಿಕೊಂಡು ನಗುವ ಕಥೆಗಳೇ. ಒಂದನ್ನು ಬಿಟ್ಟು.

ನನ್ನ ತಮ್ಮನಿಗೆ ಆಗ ಆರು ವರ್ಷ. ಅಂಗಿ ಜೇಬಿನಿಂದ ಎಂಟಾಣೆ ತೆಗೆದ ಅಂತ ಮನೆಯ ಹಿರಿಯರೊಬ್ಬರು ಅವನನ್ನು ಸಂಜೆ ಹೊತ್ತು ಅಟ್ಟ ಹತ್ತಿಸಿ ಏಣಿ ತೆಗೆದುಬಿಟ್ಟರು. ಅರ್ಧ ಗಂಟೆ. ಮೊದಲು ಕಿರುಚಿದ. ಆಮೇಲೆ ಸದ್ದೇ ಇಲ್ಲ. ಮಧ್ಯೆ ಮಧ್ಯೆ ಕಾಯಿ ಉರುಳುವ ಸದ್ದು ಮಾತ್ರ. ಇಳಿಸಿದಾಗ ಚಡ್ಡಿ ಒದ್ದೆಯಾಗಿತ್ತು. ಈಗ ಅವನಿಗೆ 35 ವರ್ಷ, ಒಳ್ಳೆಯ ಕೆಲಸದಲ್ಲಿದ್ದಾನೆ. ರಾತ್ರಿ ಬಚ್ಚಲಮನೆಯ ದೀಪ ಉರಿಯುತ್ತಲೇ ಇರಬೇಕು ಅವನಿಗೆ. ಮದುವೆ ಮುಂಜಿಯಲ್ಲಿ ಎಲ್ಲರೂ ಸೇರಿದಾಗ ಆ ಅಟ್ಟದ ಕಥೆ ಯಾರಾದರೂ ತೆಗೆಯುತ್ತಾರೆ. ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ. ನಗುವಾಗ ಕೈಗಡಿಯಾರದ ಪಟ್ಟಿಯನ್ನು ತಿರುಗಿಸುತ್ತಲೇ ಇರುತ್ತಾನೆ.

ಅದೇ ಮನೆಯಲ್ಲಿ ನಮ್ಮಜ್ಜಿಯೂ ಇದ್ದರು. ಕರೆಂಟು ಹೋದ ರಾತ್ರಿ ಪಡಸಾಲೆಯಲ್ಲಿ ಚಾಪೆ ಹಾಸಿ ಕೊಳ್ಳಿದೆವ್ವದ ಕಥೆ ಹೇಳುತ್ತಿದ್ದರು. ಗದ್ದೆಯ ಬದುವಿನ ಮೇಲೆ ಬೆಂಕಿ ಹಿಡಿದು ಬರುತ್ತದೆ, ಹತ್ತಿರ ಬರುತ್ತದೆ, ಇನ್ನೂ ಹತ್ತಿರ. ನನ್ನ ತಮ್ಮ ಅಜ್ಜಿಯ ತೊಡೆಯ ಮೇಲೆ ಕಾಲು ಚಾಚಿ ಮಲಗಿರುತ್ತಿದ್ದ. ಅಜ್ಜಿಯ ಒಂದು ಕೈ ಅವನ ಅಂಗಾಲಿನ ಮೇಲೆ. ಅವನ ಕಾಲ್ಬೆರಳು ಮಡಿಸಿಕೊಂಡ ತಕ್ಷಣ ಕೊಳ್ಳಿದೆವ್ವ ಬದುವಿನಿಂದ ಜಾರಿ ಕೆಸರಿಗೆ ಬೀಳುತ್ತಿತ್ತು. ಇಲ್ಲವಾದರೆ ಎಲೆ ಅಡಿಕೆಗೆ ಸುಣ್ಣ ಇದೆಯಾ ಅಂತ ಕೇಳುತ್ತಿತ್ತು. ಬೆರಳು ಬಿಚ್ಚಿಕೊಂಡರೆ ಮತ್ತೆ ಎದ್ದು ಬರುತ್ತಿತ್ತು. ಆ ಕೈ ಅಲ್ಲಿ ಯಾಕಿತ್ತು ಅಂತ ನನಗೆ ಹೊಳೆದಿದ್ದು ಮೊನ್ನೆ, ಪಿಯೋರಿಯಾದ ಆ ಕ್ಲಾಸಿನಲ್ಲಿ ನಿಂತಾಗ. ಅಕ್ಷರ ಬಾರದ ನಮ್ಮಜ್ಜಿ ಪ್ರತಿ ಕಥೆಗೂ ಹಿಂದೆ ಒಂದು ಕಿಟಕಿ ಕತ್ತರಿಸಿಯೇ ಹೇಳುತ್ತಿದ್ದರು.

ಹಾಗಾಗಿ ನಮ್ಮಲ್ಲಿ ಇದು ಇರಲೇ ಇಲ್ಲ ಅಂತ ಹೇಳಲಾರೆ. ಇಲ್ಲಿ ಎಲ್ಲ ಸರಿಯಿದೆ ಅಂತಲೂ ಹೇಳಲಾರೆ. ನಮ್ಮ ಬೀದಿಯಲ್ಲೇ ಒಂದು ಮನೆಯ ಅಂಗಳದಲ್ಲಿ ಯಾರಾದರೂ ಹತ್ತಿರ ಬಂದರೆ ಕಿರುಚಿಕೊಂಡು ಏಳುವ ಅಸ್ಥಿಪಂಜರ ಇಟ್ಟಿದ್ದರು. ಚಾಕೊಲೇಟ್ ಕೇಳಲು ಹೋದ ಮಗ ನನ್ನ ಕೋಟಿನೊಳಗೆ ತಲೆ ತೂರಿಸಿಕೊಂಡ. ಅದೇ ಬೀದಿಯಲ್ಲಿ ಇನ್ನೊಂದು ಮನೆಯ ಮೆಟ್ಟಿಲ ಮೇಲೆ ನೀಲಿ ಹಸಿರು ಬಣ್ಣ ಬಳಿದ ಕುಂಬಳಕಾಯಿ ಇತ್ತು. ಅಲರ್ಜಿ ಇರುವ ಮಕ್ಕಳಿಗೆ ಇಲ್ಲಿ ತಿಂಡಿಯ ಬದಲು ಪೆನ್ಸಿಲ್ಲೋ ಸಣ್ಣ ಆಟಿಕೆಯೋ ಸಿಗುತ್ತದೆ ಎನ್ನುವ ಗುರುತು ಅದು. 2014ರಲ್ಲಿ ದೇಶದ ಉದ್ದಗಲಕ್ಕೂ ಶುರುವಾದ ರೂಢಿಯಂತೆ. ಬಾಗಿಲು ತಟ್ಟುವ ಮೊದಲೇ ಮಗುವಿಗೆ ಗೊತ್ತಾಗಲಿ ಅಂತ ಯಾರೋ ಕೂತು ಯೋಚನೆ ಮಾಡಿದ್ದಾರೆ.

ನನ್ನ ತಪ್ಪೂ ಇದೆ. ಹೋದ ಚಳಿಗಾಲದಲ್ಲಿ ಮಗ ಊಟಕ್ಕೆ ಬಾರದೆ ಸತಾಯಿಸಿದಾಗ ನನ್ನ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು, "ಗುಮ್ಮ ಬರ್ತಾನೆ ನೋಡು." ಮಗ ಕೇಳಿದ, "ಗುಮ್ಮ ಎಲ್ಲಿರ್ತಾನೆ?" ನಮ್ಮ ಮನೆಗೆ ಅಟ್ಟ ಇಲ್ಲ. ಬೇಸ್‌ಮೆಂಟಿನಲ್ಲಿ ಅಂದುಬಿಟ್ಟೆ. ಅವನ ಆಟಿಕೆಗಳೆಲ್ಲ ಇರುವುದು ಅಲ್ಲಿ. ಎರಡು ತಿಂಗಳು ಅವನು ಒಬ್ಬನೇ ಕೆಳಗೆ ಇಳಿಯಲಿಲ್ಲ.

ಊರಲ್ಲಿ ಈಗ ಗುಮ್ಮನ ಜಾಗಕ್ಕೆ ಪೊಲೀಸ್ ಮಾಮ ಬಂದಿದ್ದಾನೆ, ಸೂಜಿ ಚುಚ್ಚುವ ಡಾಕ್ಟರ್ ಬಂದಿದ್ದಾರೆ. ಒಂದು ತುತ್ತು ಅನ್ನಕ್ಕೆ ಇಷ್ಟು ಬೇಕಾ? ನಾಳೆ ಜಾತ್ರೆಯಲ್ಲಿ ಮಗು ತಪ್ಪಿಸಿಕೊಂಡರೆ ಅದು ಹೋಗಬೇಕಾದದ್ದು ಅದೇ ಪೊಲೀಸರ ಹತ್ತಿರ ಅಲ್ವಾ? ಜ್ವರ ಬಂದರೆ ಕೈ ಚಾಚಬೇಕಾದದ್ದು ಅದೇ ಡಾಕ್ಟರಿಗೆ. ಯಾರ ಹತ್ತಿರ ಓಡಿ ಹೋಗಬೇಕೋ ಅವರನ್ನೇ ಕಂಡು ಓಡುವ ಹಾಗೆ ಮಾಡುತ್ತಿದ್ದೇವೆ. ಇದನ್ನು ಬರೆಯುವಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಭಾನುವಾರ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಎಲ್ಲ ಹೇಳಿದೆ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ನಾಲ್ಕು ಹಸು, ಹತ್ತು ಜನದ ಅಡುಗೆ. ನಿಮ್ಮಿಬ್ಬರನ್ನ ಒಂದು ಕಡೆ ಕೂರಿಸೋಕೆ ನನ್ನ ಹತ್ರ ಇನ್ನೇನಿತ್ತು ಹೇಳು" ಎಂದರು.

ನನ್ನಲ್ಲಿ ಉತ್ತರ ಇರಲಿಲ್ಲ. ಅಮ್ಮ ಹೇಳಿದ್ದು ನಿಜ. ಬಾವಿಗೆ ಕಟ್ಟೆ ಇರಲಿಲ್ಲ, ಹಿತ್ತಿಲಲ್ಲಿ ಹಾವಿತ್ತು, ನಮ್ಮ ಹಿಂದೆ ಓಡಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಆ ಗುಮ್ಮನೇ ನಮ್ಮನ್ನು ಕಾದಿದ್ದ ದಿನಗಳೂ ಇರಬಹುದು.

ಆಮೇಲೆ ಅಮ್ಮ ತಾವೇ ಮಾತು ತೆಗೆದರು. "ಅವನನ್ನ ಅಟ್ಟಕ್ಕೆ ಹಾಕಿದ್ದು ಮಾತ್ರ ತಪ್ಪು. ಏಣಿ ಪಕ್ಕದಲ್ಲೇ ನಿಂತಿದ್ದೆ ಕಣೇ ನಾನು. ಹಿರಿಯರ ಮಾತು ಮೀರೋಕೆ ಆಗಲಿಲ್ಲ." ಸುಲಿದ ಕಾಳು ಬಟ್ಟಲಲ್ಲೇ ಉಳಿಯಿತು. 30 ವರ್ಷದಲ್ಲಿ ಅಮ್ಮ ಈ ಮಾತು ಹೇಳಿದ್ದು ಇದೇ ಮೊದಲು. ಇದನ್ನು ತಮ್ಮನಿಗೂ ಒಂದು ಸಲ ಹೇಳಮ್ಮ ಎಂದೆ. ಹೂಂ ಅಂದರು.

ಕರೆ ಮುಗಿಸುವ ಹೊತ್ತಿಗೆ ಅಮ್ಮ ಮತ್ತೆ ಕೇಳಿದರು. "ಅದಿರಲಿ, ಆ ಹುಡುಗಿ ಕೊನೆಗೆ ಕೈ ಹಾಕಿದಳಾ ಇಲ್ವಾ?"

ಹಾಕಿದಳು ಅಮ್ಮ, ಎಂದೆ. ಮೊದಲು ಮೇಜು ಸುತ್ತಿ ಬಂದು ಹಿಂದಿನ ಕಿಟಕಿಯಲ್ಲಿ ಇಣುಕಿದಳು. ಶಾವಿಗೆ ನೋಡಿದಳು. ಮತ್ತೆ ಮುಂದೆ ಹೋಗಿ ನಿಂತು ಕಣ್ಣು ಮುಚ್ಚಿಕೊಂಡು ಒಂದೇ ಬೆರಳು ಹಾಕಿದಳು, ಉಗುರು ಮುಳುಗುವಷ್ಟು. ಕಿಟಾರನೆ ಕಿರುಚಿ ನಕ್ಕಳು. ಆಮೇಲೆ ರೆಕ್ಕೆ ಸರಿ ಮಾಡಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತಳು. ಎರಡನೇ ಸಲ ಬಂದಾಗ ಅವಳ ಎರಡು ಬೆರಳ ನಡುವೆ ಒಂದು ನಿಂಬೆಹಣ್ಣು ಹಿಡಿಸುವಷ್ಟು ಜಾಗ ಇತ್ತು.