ಮೂರು ರೈಫಲ್‌ಗಳಿಗೆ ಸೈಲೆನ್ಸರ್ ಆರಿಸುವ ಕೆಲಸ: ಈವರೆಗಿನ ದಾಖಲೆ

ಜನವರಿ

ನನ್ನ ತಮ್ಮ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಕ್ಯಾಂಟರ್ಬರಿಯಲ್ಲಿ ಹೈನುಗಾರಿಕೆಯ ಫಾರ್ಮೊಂದರಲ್ಲಿ ಕೆಲಸ ಮಾಡುತ್ತಾನೆ. ಅವನ ಬಳಿ ಲೈಸೆನ್ಸಿನ ಮೇಲೆ ಮೂರು ರೈಫಲ್‌ಗಳಿವೆ: ಮೊಲಕ್ಕೆ .22, ಕಾಡಾಡು ಮತ್ತು ವಾಲಬಿಗೆ (ಕಾಂಗರೂವಿನ ಸಣ್ಣ ಬಂಧು) .223, ಕೆಂಪು ಜಿಂಕೆಗೆ .308. ಈ ಅಂಕಿಗಳು ಸರಿಸುಮಾರು ಗುಂಡಿನ ಅಡ್ಡಳತೆ, ಇಂಚಿನ ಲೆಕ್ಕದಲ್ಲಿ. ಈ ಮೂರಕ್ಕೂ ತಕ್ಕ ಸೈಲೆನ್ಸರ್ ಆರಿಸಿಕೊಡುವ ಕೆಲಸವನ್ನು ಅವನು ಮೂಡಿಗೆರೆಯಲ್ಲಿ ಕಾಫಿ ಕುಯ್ಲಿನ ನಡುವೆ ಇರುವ ನನಗೆ ಒಪ್ಪಿಸಿದ್ದಾನೆ, ಏಕೆಂದರೆ ಕೋವಿಯ ಬಿಡಿಭಾಗಗಳ ಬಗ್ಗೆ ಓದಿ ಟಿಪ್ಪಣಿ ಮಾಡಿಟ್ಟುಕೊಳ್ಳುವ ಹುಚ್ಚು ನಮ್ಮ ಮನೆಯಲ್ಲಿ ಇರುವುದು ನನಗೊಬ್ಬನಿಗೇ.

ಇಲ್ಲಿನ ಓದುಗರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಕೋವಿಯ ಸದ್ದನ್ನು ಕುಗ್ಗಿಸುವ ಸಾಧನಗಳು ಶಸ್ತ್ರಾಸ್ತ್ರ ನಿಯಮಗಳಡಿ ನಿಷೇಧಿತ ವರ್ಗಕ್ಕೆ ಸೇರುತ್ತವೆ, ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡ್ಡಿಯಿದೆ. ಆದ್ದರಿಂದ ಈ ಟಿಪ್ಪಣಿಯಲ್ಲಿರುವುದೆಲ್ಲವೂ ನ್ಯೂಜಿಲೆಂಡಿನ ಮಾತು. ಅಲ್ಲಿ ಬಾವಲಿಯನ್ನು ಬಿಟ್ಟರೆ ನೆಲದ ಮೇಲೆ ಬಾಳುವ ಸ್ಥಳೀಯ ಸಸ್ತನಿಯೇ ಇಲ್ಲ. ಜಿಂಕೆ, ಮೊಲ, ವಾಲಬಿ, 1904ರಲ್ಲಿ ಮೌಂಟ್ ಕುಕ್ ಬಳಿ ಬಿಟ್ಟ ಹಿಮಾಲಯದ ಥಾರ್ ಎಂಬ ಕಾಡುಮೇಕೆ, ಎಲ್ಲವೂ ಹೊರಗಿನಿಂದ ತಂದು ಬಿಟ್ಟವು, ಅಲ್ಲಿನ ಕಾಡನ್ನೂ ಹುಲ್ಲುಗಾವಲನ್ನೂ ಮೇದು ಹಾಳುಮಾಡಿದವು. ಸೈಲೆನ್ಸರ್ ಕೊಳ್ಳಲು ಅಲ್ಲಿ ಪ್ರತ್ಯೇಕ ಪರವಾನಗಿ ಬೇಕಿಲ್ಲ. ನಮ್ಮ ಪಕ್ಕದ ತೋಟದ ಹಿರಿಯರಿಗೆ ಈ ವಿಷಯ ಹೇಳಿದಾಗ, ಬೆಳೆ ರಕ್ಷಣೆಗೆಂದು ಪಡೆದ ತಮ್ಮ ಜೋಡಿ ನಳಿಗೆ ಕೋವಿಯನ್ನು ನೆನೆದು, "ಸದ್ದಿಲ್ಲದ ಕೋವಿ ಇಟ್ಕೊಂಡು ಏನ್ ಮಾಡೋದು ಮಾರಾಯ, ಆನೆ ಓಡ್ಸೋಕೆ ಬೇಕಾಗಿರೋದೇ ಸದ್ದು" ಎಂದರು. ಅವರ ಅಗತ್ಯಕ್ಕೆ ಅದು ಸರಿಯೇ.

ಫೆಬ್ರವರಿ

ಮೊದಲು ತಮ್ಮನ ತಲೆಯಲ್ಲಿದ್ದ ಡೆಸಿಬೆಲ್ ಲೆಕ್ಕವನ್ನು ಬದಿಗಿಡಿಸಬೇಕಾಯಿತು. ಯಾವ ಪೆಟ್ಟಿಗೆಯ ಮೇಲೆ ಸದ್ದು ಇಷ್ಟು ತಗ್ಗುತ್ತದೆ ಎಂಬ ಅಂಕಿ ದೊಡ್ಡದಿದೆಯೋ ಅದನ್ನೇ ಕೊಳ್ಳುತ್ತೇನೆ ಎಂದು ಅವನು ಹಟ ಹಿಡಿದಿದ್ದ. ಈಡು ಹಾರಿದಾಗ ಕೇಳುವುದು ಒಂದೇ ಸದ್ದಲ್ಲ. ನಳಿಗೆಯ ಬಾಯಿಂದ ಒತ್ತಡದಲ್ಲಿ ಹೊರನುಗ್ಗುವ ಮದ್ದಿನ ಅನಿಲದ ಆಸ್ಫೋಟ ಒಂದು. ಸೆಕೆಂಡಿಗೆ ಸುಮಾರು 340 ಮೀಟರ್ ಇರುವ ಶಬ್ದದ ವೇಗವನ್ನು ಮೀರಿ ಹೋಗುವ ಗುಂಡು ದಾರಿಯುದ್ದಕ್ಕೂ ಎಬ್ಬಿಸುವ ಚಟೀರ್ ಸದ್ದು ಇನ್ನೊಂದು. ಸೈಲೆನ್ಸರ್ ತನ್ನೊಳಗಿನ ತಡೆಬಿಲ್ಲೆಗಳ ನಡುವೆ ಅನಿಲವನ್ನು ಹಿಡಿದು, ಹಿಗ್ಗಿಸಿ, ತಣಿಸಿ ನಿಧಾನವಾಗಿ ಬಿಡುವುದರಿಂದ ಮೊದಲನೆಯದು ಕುಗ್ಗುತ್ತದೆ, ಎರಡನೆಯದನ್ನು ಅದು ಮುಟ್ಟುವುದೂ ಇಲ್ಲ. ಹಿರಾಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಅಮೆರಿಕದಲ್ಲಿ ಸೈಲೆನ್ಸರಿಗೆ ಪೇಟೆಂಟ್ ಪಡೆದ ಕಾಲದಿಂದ ಇಂದಿನವರೆಗೂ ಮೂಲತತ್ವ ಇದೇ.

ಹಾಗಾಗಿ ಗುರಿ ಇಡಬೇಕಾದದ್ದು ಮೌನಕ್ಕಲ್ಲ, ಕಿವಿಯ ರಕ್ಷಣೆಗೆ. ಬರಿಯ .308 ರೈಫಲಿನ ಸದ್ದು ನಳಿಗೆಯ ಬಾಯಿಯ ಬಳಿ 165 ಡೆಸಿಬೆಲ್ ಆಸುಪಾಸಿನಲ್ಲಿರುತ್ತದೆ, ಒಳ್ಳೆಯ ಸೈಲೆನ್ಸರ್ ಅದರಿಂದ 25ರಿಂದ 30ನ್ನು ತೆಗೆಯುತ್ತದೆ, ಕಿವಿಗೆ ಕ್ಷಣಿಕ ಸದ್ದಿನ ಮಿತಿಯೆಂದು ಸಾಮಾನ್ಯವಾಗಿ ಒಪ್ಪಿರುವುದು 140. ಆ ಮಿತಿಯೊಳಗೆ ಬಂದಮೇಲೆ ಇನ್ನೆರಡು ಮೂರು ಡೆಸಿಬೆಲ್‌ಗಾಗಿ ಕಾಲು ಕಿಲೋ ಹೆಚ್ಚು ತೂಕ ಹೊರುವುದು ನನ್ನ ದೃಷ್ಟಿಯಲ್ಲಿ ದಂಡ. ಮೈಕನ್ನು ನಳಿಗೆಯ ಪಕ್ಕದಲ್ಲಿ ಇಟ್ಟಾಗ ಬರುವ ಅಂಕಿಯೇ ಬೇರೆ, ಈಡು ಹೊಡೆಯುವವನ ಕಿವಿಯ ಬಳಿ ಇಟ್ಟಾಗ ಬರುವುದೇ ಬೇರೆ. ಪೆಟ್ಟಿಗೆಯ ಮೇಲೆ ಅದನ್ನು ಎಲ್ಲರೂ ಬರೆದಿರುವುದಿಲ್ಲ.

ಮಾರ್ಚ್

.22ರದ್ದು ಬೇಗ ಮುಗಿಯಿತು. ಇದರ ತೋಟಾದಲ್ಲಿ ಮದ್ದು ಒಂದು ಗ್ರಾಮಿನ ಹತ್ತನೇ ಒಂದು ಭಾಗದಷ್ಟು ಮಾತ್ರ, ಆದ್ದರಿಂದ ಅಂಗೈಯುದ್ದದ, ನೂರು ಗ್ರಾಮ್ ಆಸುಪಾಸಿನ ಅಲ್ಯೂಮಿನಿಯಂ ಕೊಳವೆ ಸಾಕು. ಶಬ್ದವೇಗಕ್ಕಿಂತ ನಿಧಾನವಾಗಿ ಹೋಗುವ ಸಬ್‌ಸಾನಿಕ್ ತೋಟಾ ಹಾಕಿದರೆ ಚಟೀರ್ ಸದ್ದೂ ಇರುವುದಿಲ್ಲ, ಆಗ ಕೋವಿಯ ಕುದುರೆ (ತೋಟಾವನ್ನು ಸಿಡಿಸುವ ಭಾಗ) ಬಡಿಯುವ ಟಕ್ ಎಂಬುದೇ ಎದ್ದು ಕೇಳುತ್ತದೆ. ಇಲ್ಲಿ ನಾನು ಬಿಟ್ಟುಕೊಡದ ಷರತ್ತು ಒಂದೇ: ಅದು ಪೂರ್ತಿ ಬಿಚ್ಚಿ ತೊಳೆಯುವಂಥದ್ದಾಗಿರಬೇಕು. .22ರ ಗುಂಡು ಹೆಚ್ಚಾಗಿ ಬರಿಯ ಸೀಸದ್ದು. ಸೀಸದ ಪುಡಿ, ಮೇಣ, ಅರೆಸುಟ್ಟ ಮದ್ದಿನ ಕಿಟ್ಟ ಎಲ್ಲವೂ ಬಿಲ್ಲೆಗಳಿಗೆ ಹತ್ತಿಕೊಂಡು, ಕೆಲವು ನೂರು ಈಡುಗಳಾಗುವ ಹೊತ್ತಿಗೆ ಕಲ್ಲಿನಂತೆ ಗಟ್ಟಿಯಾಗುತ್ತವೆ. ಅದನ್ನು ಕೆರೆಯುವಾಗ ಕೈಗವಸು ಹಾಕಿಕೊಳ್ಳಬೇಕು, ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು.

ತಮ್ಮ ಫೋನಿನಲ್ಲಿ, "ಅಣ್ಣ, .22ಕ್ಕೂ .223ಕ್ಕೂ ಗುಂಡಿನ ಅಡ್ಡಳತೆ ಒಂದೇ ಅಲ್ವಾ, ಇದೇ ಒಂದನ್ನ ಎರಡಕ್ಕೂ ಹಾಕ್ತೀನಿ" ಎಂದ. ಅಡ್ಡಳತೆ ಎರಡರದ್ದೂ 5.7 ಮಿಲಿಮೀಟರಿನ ಹತ್ತಿರವೇ, ನಳಿಗೆಯ ತುದಿಯ ಥ್ರೆಡ್ (ಸೈಲೆನ್ಸರ್ ತಿರುಪಿ ಕೂರಿಸುವ ಸುತ್ತುಗೆರೆಗಳು) ಕೂಡ ಎಷ್ಟೋ ಬಾರಿ ಒಂದೇ ಅಳತೆಯದು, ಅಪಾಯವಿರುವುದೂ ಅಲ್ಲಿಯೇ. .223ರಲ್ಲಿ ಮದ್ದು ಒಂದೂವರೆ ಗ್ರಾಮಿಗೂ ಮೇಲೆ, ತೋಟಾ ಕೂರುವ ಕೋಣೆಯ ಒತ್ತಡ .22ರ ಇಮ್ಮಡಿಗಿಂತ ಹೆಚ್ಚು. ಆ ಹಗುರ ಕೊಳವೆ ಅದರ ಮುಂದೆ ನಿಲ್ಲದೆ ಸಿಡಿಯಬಹುದು. ಎರಡರ ಮೇಲೂ ಬೇರೆ ಬೇರೆ ಬಣ್ಣದ ಟೇಪು ಸುತ್ತಿಡಲು ಹೇಳಿದೆ.

ಏಪ್ರಿಲ್

ಹೂಮಳೆ ಬಿದ್ದಮೇಲೆ ತೋಟವನ್ನು ಮನೆಯವರಿಗೆ ಒಪ್ಪಿಸಿ ನಾನೇ ಅಲ್ಲಿಗೆ ಹೋಗಿ ಬಂದೆ. ಕೆಂಪು ಜಿಂಕೆಯ ಗಂಡುಗಳು ಬೆದೆಗೆ ಬಂದು ಕೂಗುವ ಕಾಲವದು. ಲೈಸೆನ್ಸ್ ಇಲ್ಲದವರು ಲೈಸೆನ್ಸ್ ಉಳ್ಳವರ ಮಗ್ಗುಲಲ್ಲೇ ನಿಂತು, ಅವರ ಮೇಲ್ವಿಚಾರಣೆಯಲ್ಲಿ ಈಡು ಹೊಡೆಯಲು ಅಲ್ಲಿ ಅವಕಾಶವಿದೆ, ಆದ್ದರಿಂದ ಗುರಿಕಟ್ಟೆಯ ಮೇಲೆ .308ನ್ನು ನಾನೂ ಹಿಡಿದು ನೋಡಿದೆ.

ಈ ರೈಫಲಿಗೆ ಎರಡು ಬಗೆಯವನ್ನು ಎರವಲು ತಂದಿದ್ದೆವು. ಒಂದು ನಳಿಗೆಯ ತುದಿಗೆ ತಿರುಪಿ ಪೂರ್ತಿ ಮುಂದಕ್ಕೆ ಚಾಚುವಂಥದ್ದು. ಇನ್ನೊಂದು ಅರ್ಧಕ್ಕೂ ಹೆಚ್ಚು ಭಾಗ ನಳಿಗೆಯ ಮೇಲೆಯೇ ಹಿಂದಕ್ಕೆ ಕವಚದಂತೆ ಕೂರುವಂಥದ್ದು. ಮೊದಲನೆಯದು 61 ಸೆಂಟಿಮೀಟರಿನ ನಳಿಗೆಗೆ ಮತ್ತೆ 18 ಸೆಂಟಿಮೀಟರ್ ಸೇರಿಸಿತು. ಕಟ್ಟೆಯ ಮೇಲೆ ಅದರಿಂದೇನೂ ತೊಂದರೆಯಿಲ್ಲ. ಆದರೆ ಬೀಚ್ ಮರಗಳ ಕಾಡಿನೊಳಗೆ ಬೆನ್ನಿಗೆ ಕೋವಿ ಹಾಕಿಕೊಂಡು ಬಗ್ಗಿ ನಡೆದಾಗ ಪ್ರತಿ ಕೊಂಬೆಗೂ ಅದು ತಗಲುತ್ತಿತ್ತು, ಹೆಗಲಿಗೇರಿಸಿದರೆ ಮೂತಿ ನೆಲದತ್ತ ಜಗ್ಗುತ್ತಿತ್ತು. ಕವಚದಂಥದ್ದು ಸೇರಿಸಿದ್ದು ಅದರ ಅರ್ಧದಷ್ಟು ಉದ್ದ ಮಾತ್ರ, ಭಾರವೂ ಹಿಂದಕ್ಕೆ ಬಂದು ಕೋವಿ ಸಮತೂಕದಲ್ಲಿ ನಿಂತಿತು. ಅದರ ಕುಂದೆಂದರೆ ನಳಿಗೆ ದಪ್ಪವಾಗಿದ್ದರೆ ಒಳಗೆ ಹೋಗುವುದೇ ಇಲ್ಲ. ತೆಳು ನಳಿಗೆಯಾದರೂ ನಡುವೆ ನೀರು ನಿಂತರೆ ತುಕ್ಕು ಹಿಡಿಯುತ್ತದೆ. ಸಂಜೆ ಬಿಚ್ಚಿದಾಗ ನಳಿಗೆಯ ಮೇಲೆ ಬೆವರಿನಂತೆ ತೇವದ ಹನಿಗಳಿದ್ದವು. ಒರೆಸಿ, ಎಣ್ಣೆ ಸವರಿ, ಸೈಲೆನ್ಸರನ್ನು ಬೇರೆಯಾಗಿ ಒಲೆಯ ಬಳಿ ನಿಲ್ಲಿಸಿದೆವು.

ಗುರಿಯ ಲೆಕ್ಕವೂ ಇದೆ. ನಳಿಗೆಯ ತುದಿಗೆ ಭಾರ ಬಿದ್ದಾಗ ಅದರ ಕಂಪನ ಬದಲಾಗುತ್ತದೆ, ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ನೂರು ಮೀಟರಿನಲ್ಲಿ ಈಡುಗಳು ಬರಿಯ ನಳಿಗೆಯವಕ್ಕಿಂತ ಸುಮಾರು 4 ಸೆಂಟಿಮೀಟರ್ ಕೆಳಗೆ ಬಿದ್ದವು, ಬಿಚ್ಚಿ ಮತ್ತೆ ಹಾಕಿದಾಗಲೂ ಅಲ್ಲಿಯೇ ಬಿದ್ದವು. ಎಷ್ಟು ಸರಿಯಿತು ಎಂಬುದಕ್ಕಿಂತ ಪ್ರತಿಬಾರಿಯೂ ಅಷ್ಟೇ ಸರಿಯುತ್ತದೆಯೇ ಎಂಬುದು ಮುಖ್ಯ. ಹಾಗೆ ಸರಿಯುವುದಾದರೆ ಸೈಲೆನ್ಸರ್ ಹಾಕಿಯೇ ಸ್ಕೋಪನ್ನು ಹೊಂದಿಸಿ ನಿಶ್ಚಿಂತೆಯಾಗಿರಬಹುದು. ಹೆಗಲಿಗೆ ಬೀಳುವ ಒದೆತ ಕಡಿಮೆಯಾದದ್ದು ನನಗೆ ಅಂಕಿಗಳಿಗಿಂತ ಹೆಚ್ಚು ಹಿಡಿಸಿತು. ಒದೆತಕ್ಕೆ ಹೆದರದವನ ಬೆರಳು ಟ್ರಿಗರಿನ ಮೇಲೆ ನಡುಗುವುದಿಲ್ಲ, ಜಿಂಕೆ ಗಾಯಗೊಂಡು ಓಡುವುದೂ ಕಡಿಮೆ. .308ಕ್ಕೆ ಕವಚದ ಬಗೆಯೇ ಎಂದು ತೀರ್ಮಾನಿಸಿದೆವು.

ಜೂನ್

.223ರ ವಿಷಯದಲ್ಲಿ ನನಗೂ ತಮ್ಮನಿಗೂ ಇನ್ನೂ ಚರ್ಚೆ ಮುಗಿದಿಲ್ಲ. .308ಕ್ಕೆ ಕೊಂಡದ್ದನ್ನೇ ಇದಕ್ಕೂ ಹಾಕಬಹುದು ಎಂಬುದು ಅವನ ವಾದ. ದೊಡ್ಡ ರಂಧ್ರದ ಸೈಲೆನ್ಸರಿನೊಳಗೆ ಸಣ್ಣ ಗುಂಡು ಹಾಯ್ದರೆ ಅಪಾಯವಿಲ್ಲ, ಅನಿಲ ಒಂದಿಷ್ಟು ಹೆಚ್ಚು ಸೋರಿ ಸದ್ದು ಕೊಂಚ ಏರುತ್ತದೆ ಅಷ್ಟೆ. ಇದರ ಉಲ್ಟಾ ಮಾತ್ರ ಎಂದಿಗೂ ಕೂಡದು. ಥ್ರೆಡ್ ಹೊಂದದಿರುವುದು ಮೊದಲ ತೊಡಕು: .223ರದ್ದು ಸಾಮಾನ್ಯವಾಗಿ ಅರ್ಧ ಇಂಚು, ಇಂಚಿಗೆ 28 ಸುತ್ತು; .308ರದ್ದು ಐದೆಂಟಾಂಶ ಇಂಚು, ಇಂಚಿಗೆ 24 ಸುತ್ತು. ನಡುವೆ ಅಡಾಪ್ಟರ್ ಹಾಕಿದರೆ ಜೋಡಣೆ ಒಂದು ಕೂದಲೆಳೆ ಓರೆಯಾಗಲು ಇನ್ನೊಂದು ಅವಕಾಶ ಕೊಟ್ಟಂತೆ, ಓರೆಯಾದರೆ ಗುಂಡು ಬಿಲ್ಲೆಗೆ ತಗಲಿ ಸೈಲೆನ್ಸರ್ ಕಿತ್ತುಹೋಗುತ್ತದೆ.

ನನ್ನ ಆಕ್ಷೇಪಣೆ ಶಾಖದ್ದು. .308ರಲ್ಲಿ ದಿನಕ್ಕೆ ಒಂದೋ ಎರಡೋ ಈಡು; .223ರಲ್ಲಿ ವಾಲಬಿ ನಿಯಂತ್ರಣಕ್ಕೆ ಹೊರಟರೆ ಕೆಲವೇ ನಿಮಿಷಗಳಲ್ಲಿ ಹತ್ತಾರು. ಅಲ್ಯೂಮಿನಿಯಂ ಕಾದಂತೆ ಬಲ ಕಳೆದುಕೊಳ್ಳುತ್ತದೆ. ಟೈಟಾನಿಯಂ ಹಗುರ, ಗಟ್ಟಿ, ಆದರೆ ದುಬಾರಿ, ಕತ್ತಲಲ್ಲಿ ಕಿಡಿಯನ್ನೂ ಉಗುಳುತ್ತದೆ. ಸ್ಟೇನ್‌ಲೆಸ್ ಸ್ಟೀಲು ಭಾರವಾದರೂ ಪಿಕಪ್ಪಿನಲ್ಲಿ ಸಾಗುವ ಕೋವಿಗೆ ಭಾರದ ಚಿಂತೆಯಿಲ್ಲ. ಕಾದ ಕೊಳವೆಯಿಂದ ಏಳುವ ಬಿಸಿಗಾಳಿ ಸ್ಕೋಪಿನ ಮುಂದೆ ಅಲೆಯಾಡಿ ಗುರಿಯನ್ನು ಕಲಕುವುದರಿಂದ ಮೇಲೊಂದು ಬಟ್ಟೆಯ ಕವಚ ಬೇಕಾಗುತ್ತದೆ, ಆ ಕವಚ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಇದೂ ಸ್ಟೀಲಿನ ಪರವಾದ ಮಾತೇ.

.223ರ ನಳಿಗೆ 41 ಸೆಂಟಿಮೀಟರಿನದು. ಗಿಡ್ಡ ನಳಿಗೆಯ ತುದಿಯಲ್ಲಿ ಅನಿಲದ ಒತ್ತಡ ಹೆಚ್ಚಿರುವುದರಿಂದ ತಯಾರಕರು ಕನಿಷ್ಠ ಇಷ್ಟು ಉದ್ದದ ನಳಿಗೆ ಬೇಕೆಂದು ನಮೂದಿಸಿರುತ್ತಾರೆ. ನಾನು ಆರಿಸಿಟ್ಟಿರುವ ಎರಡು ಸ್ಟೀಲಿನವುಗಳಲ್ಲಿ ಒಂದಕ್ಕೆ ಈ ಉದ್ದ ಸಾಲದು, ಇನ್ನೊಂದಕ್ಕೆ ಸಾಕು. ಸದ್ಯ ರೈಫಲ್ ಥ್ರೆಡ್ ಹಾಕಿಸಲು ಗನ್‌ಸ್ಮಿತ್ ಬಳಿ ಇದೆ. ಥ್ರೆಡ್ಡನ್ನು ನಳಿಗೆಯ ಹೊರಮೈಗಲ್ಲ, ಒಳರಂಧ್ರದ ನಡುಗೆರೆಗೆ ಹೊಂದಿಸಿ ಕಡೆಯಬೇಕೆಂದೂ, ಸೈಲೆನ್ಸರ್ ಬಂದು ಕೂರುವ ಭುಜವನ್ನು ನೇರ ಮೂಲೆಗೆ ತರಬೇಕೆಂದೂ ತಮ್ಮನ ಮೂಲಕ ಬರೆಸಿ ಕಳಿಸಿದ್ದೇನೆ. ಅದು ವಾಪಸು ಬಂದಮೇಲೆ, ಮೊದಲ ಈಡಿಗೆ ಮುನ್ನ, ಅಳತೆಯ ನೇರ ಸರಳನ್ನು ನಳಿಗೆಯೊಳಗೆ ತೂರಿಸಿ ಸೈಲೆನ್ಸರಿನ ಬಾಯಲ್ಲಿ ಸುತ್ತಲೂ ಸಮನಾದ ಎಡೆ ಇದೆಯೇ ಎಂದು ನೋಡಿ ಫೋಟೊ ಕಳಿಸುವುದಾಗಿ ಅವನು ಹೇಳಿದ್ದಾನೆ. ಮುಂದಿನ ದಾಖಲೆ ಆಮೇಲೆ.