ಹೊಡೆದ ಕಾಯಿ ಎಲ್ಲಿಗೆ ಹೋಗುತ್ತದೆ?

ಹಾಸ್ಟೆಲ್ ಜಗಲಿಯ ಚಪ್ಪಡಿಯಲ್ಲಿ ಹುಲಿ-ಕುರಿ ಆಟದ ಗೆರೆಗಳನ್ನು ನಮಗಿಂತ ಹಿಂದಿನವರೇ ಕೆತ್ತಿಟ್ಟಿದ್ದರು. ಹಂಪಿಯ ಕಲ್ಲುನೆಲದಲ್ಲೂ ಇಂಥ ಗೆರೆಗಳಿವೆ. ಮಳೆಗೆ ಮೈದಾನ ಕೆಸರಾದ ಸಂಜೆಗಳಲ್ಲಿ ಆ ಜಗಲಿಯಲ್ಲಿ ನಡೆಯುತ್ತಿದ್ದ ಆಟಗಳಲ್ಲಿ ಕಾಯಿ ಹೊಡೆಯುವ ಬಗೆ ಒಂದೊಂದರಲ್ಲಿ ಒಂದೊಂದು. ಈಗ ಅಲ್ಲಿ ಟೈಲ್ಸ್ ಬಂದಿದೆಯಂತೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಹುಲಿ 3, ಕುರಿ 15, ಗೆರೆ ಕೂಡುವ ಜಾಗ 23. ತ್ರಿಕೋನದ ತುದಿಯಲ್ಲೊಂದು ಹುಲಿ, ಅದರ ಕೆಳಗಿನ ಅಡ್ಡಗೆರೆಯ ನಡುವೆ ಎರಡು. ಕುರಿಗಳನ್ನು ಒಂದೊಂದಾಗಿ ಇಡಬೇಕು. 15 ಇಟ್ಟು ಮುಗಿಯುವ ತನಕ ಯಾವ ಕುರಿಯನ್ನೂ ನಡೆಸುವಂತಿಲ್ಲ. ಹುಲಿ ಮಾತ್ರ ಮೊದಲ ಕುರಿ ಬಿದ್ದಾಗಿನಿಂದಲೇ ಓಡಾಡುತ್ತದೆ. ಪಕ್ಕದ ಕುರಿಯ ಆಚೆ, ಅದೇ ಗೆರೆಯಲ್ಲಿ, ಜಾಗ ಖಾಲಿ ಇದ್ದರೆ ಹಾರಿ ತಿನ್ನುತ್ತದೆ. ಒಂದರ ಹಿಂದೊಂದು ಕುರಿ ಇದ್ದರೆ ಹಾರುವಂತಿಲ್ಲ. ತಿಂದ ಕುರಿ ಮತ್ತೆ ಬರುವುದಿಲ್ಲ.

ಹೊಸಬರು ಎಡವುವುದು ಇಡುವಾಗಲೇ. ನಡುಮಧ್ಯೆ ಒಂಟಿ ಕುರಿ ಇಟ್ಟು, ಜೊತೆ ಆಮೇಲೆ ಕೊಡೋಣ ಅಂದುಕೊಳ್ಳುತ್ತಾರೆ. ಬಲ್ಲವರು ಮೂಲೆಯಿಂದ ಶುರು ಮಾಡುತ್ತಾರೆ: ಎಡಬಲದ ಅಂಚುಗೆರೆಗಳ ನಾಲ್ಕು ತುದಿ, ತಳಗೆರೆಯ ಎರಡು ತುದಿ. ಅಲ್ಲಿ ಕೂತ ಕುರಿಯ ಆಚೆ ಗೆರೆಯೇ ಇಲ್ಲ, ಹುಲಿ ಹಾರಿ ಇಳಿಯುವುದೆಲ್ಲಿ? ಐದಾರು ಕುರಿ ಹೋದಮೇಲೆ ಹುಲಿಗಳನ್ನು ಅಲುಗದಂತೆ ಸುತ್ತುಗಟ್ಟುವ ಆಸೆ ಬಿಟ್ಟು ಹೊಸ ಆಟ ಹೂಡುವುದೇ ಸರಿ.

ಚೌಕಾಬಾರದಲ್ಲಿ ಸಾವಿಲ್ಲ. 25 ಮನೆ, ಒಬ್ಬೊಬ್ಬರಿಗೆ 4 ಕಾಯಿ. ನಿಮ್ಮ ಗರ (ಕವಡೆ ಎಸೆದಾಗ ಬಿದ್ದ ಎಣಿಕೆ) ಸರಿಯಾಗಿ ಎದುರಾಳಿಯ ಕಾಯಿ ಇರುವ ಮನೆಗೇ ಬಿದ್ದರೆ ಅದು ಹೊರಟಲ್ಲಿಗೇ ವಾಪಸ್, ನಿಮಗೆ ಇನ್ನೊಂದು ಆಟ. ಗೀಟು ಹಾಕಿದ ಕಟ್ಟೆಯಲ್ಲಿ ಮಾತ್ರ ಹೊಡೆಯುವಂತಿಲ್ಲ. ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಹೊಡೆಯದೆ ಹುಷಾರಾಗಿ ಆಡುವವನ ಕಾಯಿ ಹೊರಗೇ ಸುತ್ತುತ್ತಿರುತ್ತದೆ, ನಡುಮನೆ ಸೇರಿ ಹಣ್ಣಾಗುವುದಿಲ್ಲ. ಕವಡೆ ನಾಲ್ಕೂ ಸಮನಾಗಿದ್ದರೆ 16ರಲ್ಲಿ 6 ಸಲ ಎರಡು ಬೀಳುತ್ತದೆ, ಒಂದು ಮತ್ತು ಮೂರು ತಲಾ 4 ಸಲ, ಚೌಕ (ನಾಲ್ಕು), ಬಾರ (ಎಂಟು) ಒಂದೊಂದೇ ಸಲ. ಅಂದಮೇಲೆ ಎದುರಾಳಿಗಿಂತ ಎರಡು ಮನೆ ಮುಂದೆ ನಿಲ್ಲುವುದೇ ಎಲ್ಲಕ್ಕಿಂತ ಅಪಾಯ. ಕವಡೆ ಇಲ್ಲದಾಗ ಹುಣಸೆ ಬೀಜವನ್ನು ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಕಲ್ಲಿಗೆ ತೇಯುವುದು ರೂಢಿ. ಒಂದನ್ನು ಹೆಚ್ಚು ತೇಯ್ದರೆ ಈ ಲೆಕ್ಕವೆಲ್ಲ ಕೆಡುತ್ತದೆ, ಜಗಳ ಖಂಡಿತ.

ಅಳಗುಳಿಮಣೆಯಲ್ಲಿ ಹೊಡೆದದ್ದು ಹೊಡೆದವನ ಗಂಟಿಗೇ ಸೇರುತ್ತದೆ. 14 ಗುಳಿ, ನಾಲ್ಕು ನಾಲ್ಕರಂತೆ 56 ಬೀಜ. ಒಂದು ಗುಳಿ ಎತ್ತಿ ಮುಂದಕ್ಕೆ ಒಂದೊಂದು ಹಾಕುತ್ತ ಹೋಗಿ, ಕೈ ಬರಿದಾದಾಗ ಮುಂದಿನ ಗುಳಿ ಎತ್ತಬೇಕು. ಅದು ಖಾಲಿ ಇದ್ದರೆ ಬೆರಳಿಂದ ಸವರಿ ಅದರಾಚೆಯ ಗುಳಿಯಲ್ಲಿದ್ದಷ್ಟೂ ಬಾಚಿಕೊಳ್ಳಬಹುದು. ಸಾಲಾಗಿ ಎರಡು ಖಾಲಿ ಇದ್ದರೆ ಏನೂ ಸಿಗದು. ಸೋತವನಿಗೆ ತನ್ನಲ್ಲಿ ಉಳಿದ ಬೀಜಗಳಿಂದ ತುಂಬಲಾಗದ ಗುಳಿಗಳು ಮುಂದಿನ ಸುತ್ತಿಗೆ ಆಟದಿಂದಲೇ ಹೊರಗೆ.